ಹೆಸರು ನಮ್ಮದು, ಮೈದಾನ ಯಾರದು?

ಇವತ್ತು ಆಟದ ಮಾತು. ರಾಜಕೀಯ ಎಲ್ಲಿಗೂ ಓಡಿಹೋಗಲ್ಲ, ನಾಳೆ ಮತ್ತೆ ಇದ್ದೇ ಇರುತ್ತೆ.

2022ರ ಆಗಸ್ಟ್ 26. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಹಾರಾಜ ಟ್ರೋಫಿ ಟಿ20 ಫೈನಲ್. ಒಂದು ಕಡೆ ಮಯಾಂಕ್ ಅಗರ್ವಾಲ್ ನಾಯಕತ್ವದ ಬೆಂಗಳೂರು ಬ್ಲಾಸ್ಟರ್ಸ್, ಇನ್ನೊಂದು ಕಡೆ ಮನೀಶ್ ಪಾಂಡೆ ನಾಯಕತ್ವದ ಗುಲ್ಬರ್ಗ ಮಿಸ್ಟಿಕ್ಸ್. ನಮ್ಮ ಹೆಸರಿನ ತಂಡ 220 ರನ್ ಹೊಡೀತು, 11 ರನ್‌ಗಳಿಂದ ಗೆದ್ದಿತು. ಹೊಸ ಟೂರ್ನಿಯ ಮೊದಲ ವರ್ಷವೇ ಕಪ್ಪು ಕಲಬುರಗಿಗೆ.

ಕಲಬುರಗಿಗೆ ಅಂತ ನಾವು ಸ್ಟುಡಿಯೋದಲ್ಲಿ ಕೂತು ಹೇಳಿದ್ವಿ. ಆಳಂದಕ್ಕೆ, ಅಫಜಲಪುರಕ್ಕೆ, ಜೇವರ್ಗಿಗೆ ಏನು ತಲುಪಿತು? ಟಿವಿಯಲ್ಲಿ ಒಂದು ಸ್ಕ್ರೋಲ್. ಮಾರನೇ ದಿನದ ಪೇಪರಿನ ಕ್ರೀಡಾ ಪುಟದಲ್ಲಿ ಒಂದು ಫೋಟೊ. ಆ ತಂಡ ಆ ಟೂರ್ನಿಯಲ್ಲಿ ಮೈಸೂರಿನಲ್ಲಿ ಆಡಿತು, ಬೆಂಗಳೂರಿನಲ್ಲಿ ಆಡಿತು. ಕಲಬುರಗಿಯಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. 2023, 2024ರಲ್ಲಿ ಇಡೀ ಟೂರ್ನಿ ಬೆಂಗಳೂರಲ್ಲೇ ಆಯಿತು. 2025ರಲ್ಲಿ ಮೈಸೂರಿಗೆ ಹೋಯಿತು. ನಾಲ್ಕು ವರ್ಷ, ನಾಲ್ಕು ಟೂರ್ನಿ. ತವರು ಅಂತ ಅನ್ನೋ ಊರಿನಲ್ಲಿ ಸೊನ್ನೆ ಪಂದ್ಯ.

ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಒಬ್ಬ ಕಾಲೇಜು ಹುಡುಗ ನನ್ನನ್ನ ಗುರುತು ಹಿಡಿದು ಮಾತಿಗಿಳಿದ. ಅವನ ಮಾತು ಅವನ ಭಾಷೆಯಲ್ಲೇ ಹೇಳ್ತೀನಿ: "ಸರ, ನಮ್ಮೂರ ಹೆಸರಿನ ಟೀಮ್ ಅದರಿ. ಆದ್ರ ಆ ಟೀಮಿಗಿ ನಮ್ಮೂರು ಎಲ್ಲಿ ಅದ ಅಂತ ಗೊತ್ತದೇನ್ರಿ?" ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆಮೇಲೆ ಆ ಪ್ರಶ್ನೆಯ ಬೆನ್ನು ಹತ್ತಿದೆ. ಅದು ನನ್ನನ್ನ ಕಲಬುರಗಿಯಿಂದ ಅಮೆರಿಕದ ವಾಷಿಂಗ್ಟನ್ ತನಕ ಕರಕೊಂಡು ಹೋಯಿತು. ಯಾಕೆ ಅಂತ ಹೇಳ್ತೀನಿ.

ಮೊದಲು ಹೆಸರಿನ ಕಥೆ. ಮಿಸ್ಟಿಕ್ಸ್ ಅಂದ್ರೆ ಅನುಭಾವಿಗಳು. ಈ ಹೆಸರು ಇಟ್ಟವರು ಯಾರೋ, ಯಾವ ಎಸಿ ರೂಮಿನಲ್ಲಿ ಕೂತು ಇಟ್ಟರೋ, ಅವರಿಗೆ ನನ್ನದೊಂದು ಸಲಾಂ. ಇದಕ್ಕಿಂತ ಒಪ್ಪೋ ಹೆಸರು ಸಿಗಲ್ಲ. ಕಲಬುರಗಿ ಅಂದ್ರೆ ಶರಣಬಸವೇಶ್ವರರು, ಖ್ವಾಜಾ ಬಂದೇ ನವಾಜ್. ಅದು ನಗರದ ಮಾತಾಯಿತು. ತಾಲ್ಲೂಕಿಗೆ ಬನ್ನಿ. ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾ. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ-ಅಮರ್ಜಾ ಸಂಗಮದ ಹತ್ತಿರ ದೇವಲ ಗಾಣಗಾಪುರ, ನೃಸಿಂಹ ಸರಸ್ವತಿಗಳ ದತ್ತ ಕ್ಷೇತ್ರ. ಜೇವರ್ಗಿಯಲ್ಲಿ ಅಖಂಡೇಶ್ವರ ಅಂಕಿತದಲ್ಲಿ ವಚನ ಬರೆದ ಷಣ್ಮುಖಸ್ವಾಮಿಗಳು. ಮೂರು ತಾಲ್ಲೂಕು, ಮೂರು ಪರಂಪರೆ, ಮೂರೂ ಕಡೆ ಅನುಭಾವಿಗಳು. ಹೆಸರಿಗೆ ಬೇರೆ ಸಾಕ್ಷಿ ಬೇಕಾ?

ಆದರೆ ಹೆಸರಿನ ಮೊದಲರ್ಧ ನೋಡಿ. ಗುಲ್ಬರ್ಗ. 2014ರ ನವೆಂಬರ್ 1ಕ್ಕೇ ಸರ್ಕಾರ ಊರಿನ ಹೆಸರನ್ನ ಕಲಬುರಗಿ ಅಂತ ಬದಲಾಯಿಸಿತ್ತು. ಎಂಟು ವರ್ಷ ಆದಮೇಲೆ ಹುಟ್ಟಿದ ತಂಡಕ್ಕೆ ಹಳೇ ಹೆಸರು. ಮಂಗಳೂರು ತಂಡ ಮುಂದೆ "ಮಂಗಳೂರು ಡ್ರಾಗನ್ಸ್" ಅಂತ ಕನ್ನಡದ ಉಚ್ಚಾರಕ್ಕೆ ಬಂತು. ನಮ್ಮದು ಇವತ್ತಿಗೂ ಗುಲ್ಬರ್ಗವೇ. ಇದು ದೊಡ್ಡ ಅಪರಾಧ ಅಂತ ನಾನು ಹೇಳಲ್ಲ, ಅಲ್ಲಿನ ಜನರ ಬಾಯಲ್ಲೂ ಈಗಲೂ ಗುಲ್ಬರ್ಗ ಅಂತ ಬರುತ್ತೆ. ಆದರೆ ಊರಿಗೆ ಹೋಗಿ ಬೋರ್ಡ್ ನೋಡಿದವರು ಇಟ್ಟ ಹೆಸರಲ್ಲ ಅನ್ನೋದಂತೂ ಗೊತ್ತಾಗುತ್ತೆ.

ಈಗ ಇನ್ನೊಂದು ಮಿಸ್ಟಿಕ್ಸ್ ಇದೆ ಅಂದ್ರೆ ನಂಬ್ತೀರಾ? ವಾಷಿಂಗ್ಟನ್ ಮಿಸ್ಟಿಕ್ಸ್. ಅಮೆರಿಕದ ಮಹಿಳಾ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯೂಎನ್‌ಬಿಎ ತಂಡ. ಹುಟ್ಟಿದ್ದು 1998ರಲ್ಲಿ. ಈ ಎರಡು ಮಿಸ್ಟಿಕ್ಸ್‌ಗೂ ಸಂಬಂಧ ಇದೆ ಅಂತ ನಾನು ಹೇಳ್ತಾ ಇಲ್ಲ. ಹೆಸರು ಒಂದೇ ಆದ ಇಬ್ಬರು ಹುಡುಗರನ್ನ ಒಂದೇ ಬೆಂಚಿನ ಮೇಲೆ ಕೂರಿಸಿ ನೋಡಿದ ಹಾಗೆ, ಅಷ್ಟೇ.

ಆ ತಂಡದ ಮೊದಲ ವರ್ಷ ಹೇಗಿತ್ತು ಗೊತ್ತಾ? 30 ಪಂದ್ಯ, 27 ಸೋಲು. ಗೆದ್ದಿದ್ದು ಮೂರೇ. ಆಡ್ತಾ ಇದ್ದದ್ದು ರಾಜಧಾನಿಯ ನಡುಮಧ್ಯದಲ್ಲಿ, ಆಗಷ್ಟೇ ಕಟ್ಟಿದ್ದ ಎಂಸಿಐ ಸೆಂಟರ್ ಅನ್ನೋ ಭಾರಿ ಒಳಾಂಗಣದಲ್ಲಿ. 20 ಸಾವಿರ ಜನ ಕೂರುವ ಜಾಗ. ಗಂಡಸರ ಎನ್‌ಬಿಎ ತಂಡ ವಿಜರ್ಡ್ಸ್‌ಗಾಗಿ ಕಟ್ಟಿದ ಮನೆ, ಇವರು ಅಲ್ಲಿ ಒಂಥರಾ ಬಾಡಿಗೆದಾರರು. ಮೊದಮೊದಲು ಜನ ಚೆನ್ನಾಗೇ ಬಂದರು. ಸೋತರೂ ಬಂದರು. ವರ್ಷ ಕಳೆದ ಹಾಗೆ ಉತ್ಸಾಹ ಇಳಿಯಿತು. ದೊಡ್ಡ ಕಲ್ಯಾಣ ಮಂಟಪದಲ್ಲಿ ಐವತ್ತು ಜನರ ಮದುವೆ ಮಾಡಿದ್ರೆ ಹೇಗಿರುತ್ತೆ ಹೇಳಿ? ಊಟ ಚೆನ್ನಾಗಿದ್ದರೂ ಕಳೆ ಇರಲ್ಲ. ಇಪ್ಪತ್ತು ವರ್ಷ ಕಳೆದರೂ ಒಂದು ಚಾಂಪಿಯನ್‌ಶಿಪ್ ಬರಲಿಲ್ಲ.

ಆಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಇಷ್ಟ ಆಯಿತು. ದೊಡ್ಡ ಮನೆ ಬಿಟ್ಟು ಸಣ್ಣ ಮನೆಗೆ ಹೋದರು. ವಾಷಿಂಗ್ಟನ್ನಿನ ಆಗ್ನೇಯ ಮೂಲೆಯಲ್ಲಿ, ಅನಾಕೋಸ್ಟಿಯಾ ನದಿಯ ಆಚೆ ದಡದಲ್ಲಿ, ಕಾಂಗ್ರೆಸ್ ಹೈಟ್ಸ್ ಅಂತ ಒಂದು ಬಡಾವಣೆ. ಹೆಚ್ಚಾಗಿ ಕಪ್ಪು ಜನಾಂಗದವರು ವಾಸ ಮಾಡುವ ಜಾಗ. ರಾಜಧಾನಿಯೊಳಗೇ ಇದ್ದರೂ ರಾಜಧಾನಿಯ ದುಡ್ಡು, ಸವಲತ್ತು ಕೊನೆಗೆ ಮುಟ್ಟುವ ಭಾಗ. ಅಲ್ಲಿ ಸೇಂಟ್ ಎಲಿಜಬೆತ್ಸ್ ಅಂತ 1855ರಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆಸ್ಪತ್ರೆಯ ಆವರಣ. ಆ ಆವರಣದ ಒಂದು ಭಾಗದಲ್ಲಿ 2018ರಲ್ಲಿ ಹೊಸ ಕ್ರೀಡಾಂಗಣ ತೆರೆದರು. ಕೂರುವ ಜಾಗ ಎಷ್ಟು? 4,200. ಇಪ್ಪತ್ತು ಸಾವಿರದಿಂದ ನಾಲ್ಕು ಸಾವಿರಕ್ಕೆ!

ಖರ್ಚು ಸುಮಾರು 6.9 ಕೋಟಿ ಡಾಲರ್, ಹೆಚ್ಚಿನ ಪಾಲು ಸಾರ್ವಜನಿಕ ಹಣ. ಅಂದುಕೊಂಡದ್ದಕ್ಕಿಂತ ಖರ್ಚು ಜಾಸ್ತಿ ಆಯಿತು, ಟೀಕೆ ಬಂತು. ಕೋಟ್ಯಧಿಪತಿ ಮಾಲೀಕರ ತಂಡಕ್ಕೆ ಜನರ ತೆರಿಗೆ ಹಣ ಯಾಕೆ ಅಂತ ಕೇಳಿದರು. ಕೇಳಲೇಬೇಕಾದ ಪ್ರಶ್ನೆ. ಅಮೆರಿಕದ ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಮೂವತ್ತು ವರ್ಷದಿಂದ ಒಂದೇ ಮಾತು ಹೇಳ್ತಾ ಬಂದಿದ್ದಾರೆ: ಕ್ರೀಡಾಂಗಣಕ್ಕೆ ಸುರಿದ ಸಾರ್ವಜನಿಕ ಹಣ ಊರಿಗೆ ಅಷ್ಟೇ ಪ್ರಮಾಣದಲ್ಲಿ ವಾಪಸ್ ಬರಲ್ಲ. ಇದನ್ನ ನಾನು ಮುಚ್ಚಿಟ್ಟು ಕಥೆ ಹೇಳಲ್ಲ.

ಆದರೆ ಆಟದ ಮಟ್ಟಿಗೆ ಏನಾಯಿತು ನೋಡಿ. 2019ರಲ್ಲಿ ಮಿಸ್ಟಿಕ್ಸ್ ಆ ಸಣ್ಣ ಅಂಗಳಕ್ಕೆ ಬಂದರು. ಎಲೆನಾ ಡೆಲ್ ಡಾನ್ ಅನ್ನೋ ದೊಡ್ಡ ಆಟಗಾರ್ತಿ ತಂಡದಲ್ಲಿದ್ದಳು, ಮೈಕ್ ತಿಬೋ ಕೋಚ್. ಜನ ಅಂಗಳದ ಅಂಚಿಗೇ ಕೂತಿರ್ತಾರೆ, ಕೂಗಿದರೆ ಆಟಗಾರ್ತಿಯ ಕಿವಿಗೇ ಬೀಳುತ್ತೆ. ಹೊಸ ಮನೆಯ ಮೊದಲ ವರ್ಷವೇ ಫೈನಲ್ ತಲುಪಿದರು. ಐದು ಪಂದ್ಯಗಳ ಸರಣಿ ಐದನೇ ಪಂದ್ಯದ ತನಕ ಎಳೆಯಿತು. 2019ರ ಅಕ್ಟೋಬರ್ 10ರ ರಾತ್ರಿ, ಅದೇ 4,200 ಸೀಟಿನ ಅಂಗಳದಲ್ಲಿ, ಕನೆಕ್ಟಿಕಟ್ ಸನ್ ತಂಡವನ್ನ 89-78ರಿಂದ ಸೋಲಿಸಿ ಮೊದಲ ಬಾರಿ ಚಾಂಪಿಯನ್ ಆದರು. ಇಪ್ಪತ್ತೊಂದು ವರ್ಷ ಕಾದ ಕಪ್ಪು.

ಕ್ರೀಡಾಂಗಣದಿಂದಲೇ ಕಪ್ಪು ಬಂತು ಅಂತ ಹೇಳಿದ್ರೆ ಅದು ಟಿವಿ ಆಂಕರ್ ಮಾತಾಗುತ್ತೆ. ಆಟಗಾರ್ತಿಯರು ಚೆನ್ನಾಗಿದ್ದರು, ಅದಕ್ಕೇ ಬಂತು. ಆದರೆ ಆ ರಾತ್ರಿ ಕಪ್ಪು ಎತ್ತಿದ್ದನ್ನ ಆ ಬಡಾವಣೆಯ ಹುಡುಗಿ ಕಣ್ಣಾರೆ ನೋಡಿರ್ತಾಳಲ್ಲ, ಅದಕ್ಕೆ ಆ ಅಂಗಳ ಬೇಕಾಗಿತ್ತು. ಒಂದು ಕುತೂಹಲ ಏನಂದ್ರೆ, 2024ರಲ್ಲಿ ಕೇಟ್ಲಿನ್ ಕ್ಲಾರ್ಕ್ ಅನ್ನೋ ಹೊಸ ತಾರೆಯ ತಂಡ ಆಡೋಕೆ ಬಂದಾಗ ಟಿಕೆಟ್ಟಿಗೆ ನೂಕುನುಗ್ಗಲಾಗಿ, ಪಂದ್ಯವನ್ನ ಮತ್ತೆ ಹಳೇ ದೊಡ್ಡ ಅಂಗಳಕ್ಕೆ ಹಾಕಿದರು. ಸೆಪ್ಟೆಂಬರ್ 19ರಂದು 20,711 ಜನ. ಆ ಲೀಗ್‌ನ ರೆಗ್ಯುಲರ್ ಸೀಸನ್ ಪಂದ್ಯಗಳ ದಾಖಲೆ. ಸಣ್ಣ ಮನೆ ಇದ್ದವರು ಹಬ್ಬಕ್ಕೆ ದೊಡ್ಡ ಮನೆಗೆ ಹೋಗಬಹುದು. ಮನೆಯೇ ಇಲ್ಲದವರು?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಚರಿತ್ರೆ ಓದಿದರೆ ಅರ್ಧ ಕಥೆ ಊರು ಬಿಟ್ಟ ಕಥೆಯೇ. ಲೇಕರ್ಸ್ ಅಂದ್ರೆ ಕೆರೆಯವರು ಅಂತ. ಲಾಸ್ ಏಂಜಲೀಸ್‌ನಲ್ಲಿ ಯಾವ ಕೆರೆ? ಆ ತಂಡ ಮೊದಲು ಮಿನಿಯಾಪೊಲಿಸ್‌ನಲ್ಲಿತ್ತು, ಸಾವಿರಾರು ಕೆರೆಗಳಿರುವ ರಾಜ್ಯ. 1960ರಲ್ಲಿ ಊರು ಬಿಟ್ಟಾಗ ಹೆಸರನ್ನೂ ಗಂಟು ಕಟ್ಟಿಕೊಂಡು ಹೋದರು. ಜಾಝ್ ಸಂಗೀತದ ಊರು ನ್ಯೂ ಆರ್ಲಿಯನ್ಸ್, ಆ ಹೆಸರಿನ ತಂಡ 1979ರಿಂದ ಇರೋದು ಯೂಟಾದಲ್ಲಿ.

ಇನ್ನೊಂದು ಕಥೆ ಇದಕ್ಕೆ ಉಲ್ಟಾ. ಸಿಯಾಟಲ್ ನಗರದ ಸೂಪರ್‌ಸಾನಿಕ್ಸ್. 1967ರಲ್ಲಿ ಹುಟ್ಟಿದ ತಂಡ, 1979ರಲ್ಲಿ ಚಾಂಪಿಯನ್. ಹೊಸ ಮಾಲೀಕರು ಬಂದರು, ಹೊಸ ಕ್ರೀಡಾಂಗಣ ಕಟ್ಟಿಕೊಡಿ ಅಂದರು, ಆಗಲಿಲ್ಲ. ವಿಷಯ ಕೋರ್ಟ್ ಮೆಟ್ಟಿಲು ಹತ್ತಿತು. ಕೊನೆಗೆ 2008ರಲ್ಲಿ ನಗರಕ್ಕೆ 4.5 ಕೋಟಿ ಡಾಲರ್ ಕೊಟ್ಟು, ಗುತ್ತಿಗೆ ಮುರಿದುಕೊಂಡು, ತಂಡವನ್ನ ಒಕ್ಲಹೋಮ ಸಿಟಿಗೆ ಎತ್ತಿಕೊಂಡು ಹೋದರು. ಆದರೆ ಸಿಯಾಟಲ್ ಜನ ಒಂದು ವಿಷಯದಲ್ಲಿ ಬಿಡಲಿಲ್ಲ. ಹೆಸರು ನಮ್ಮದು, ಬಣ್ಣ ನಮ್ಮದು, ಅವೆರಡೂ ಇಲ್ಲೇ ಇರಲಿ ಅಂದರು. ಹಾಗೇ ಆಯಿತು. ಒಕ್ಲಹೋಮದಲ್ಲಿ ತಂಡ ಥಂಡರ್ ಅನ್ನೋ ಹೊಸ ಹೆಸರು ಇಟ್ಟುಕೊಂಡಿತು, 2025ರಲ್ಲಿ ಚಾಂಪಿಯನ್ ಕೂಡ ಆಯಿತು.

ಸಿಯಾಟಲ್‌ಗೆ ತಂಡ ಹೋಯಿತು, ಹೆಸರು ಉಳಿಯಿತು. ಕಲಬುರಗಿಗೆ ತಂಡ ಬರಲೇ ಇಲ್ಲ, ಹೆಸರು ಮಾತ್ರ ಹೋಯಿತು. ಹೋಗುವಾಗ ಯಾರನ್ನೂ ಕೇಳಲಿಲ್ಲ.

ಸರಿ, ವಾಪಸ್ ಕರ್ನಾಟಕಕ್ಕೆ ಬರೋಣ. ನಮ್ಮ ರಾಜ್ಯದ್ದೇ ಆದ ಫ್ರಾಂಚೈಸಿ ಕ್ರಿಕೆಟ್ ಲೀಗ್ ಶುರುವಾದದ್ದು 2009ರಲ್ಲಿ, ಕರ್ನಾಟಕ ಪ್ರೀಮಿಯರ್ ಲೀಗ್ ಅಂತ. ಮೊದಲ ವರ್ಷ ಎಂಟು ತಂಡ. ಬೆಂಗಳೂರಿಗೇ ಎರಡು, ನಗರಕ್ಕೊಂದು, ಗ್ರಾಮಾಂತರಕ್ಕೊಂದು. ಮೈಸೂರು, ದಾವಣಗೆರೆ, ಮಲೆನಾಡು, ಮಂಗಳೂರು, ಬೆಳಗಾವಿ, ಬಿಜಾಪುರ. ಲೆಕ್ಕ ಹಾಕಿ, ಎಂಟಾಯಿತು. ಕಲಬುರಗಿ ಇಲ್ಲ. 2011ರ ಜನಗಣತಿಯಲ್ಲಿ 25 ಲಕ್ಷ 66 ಸಾವಿರ ಜನ ಇದ್ದ ಜಿಲ್ಲೆ ಅದು. ಆ ಪಟ್ಟಿಯಲ್ಲಿ ಹೆಸರೇ ಬರಲಿಲ್ಲ.

ಕೆಪಿಎಲ್ ಬಿದ್ದು ಎದ್ದು ಹತ್ತು ವರ್ಷ ನಡೆಯಿತು. ನಡುವೆ ಕೆಲವು ವರ್ಷ ನಿಂತಿತ್ತು ಕೂಡ. ಒಂದು ಒಳ್ಳೇ ಕೆಲಸ ಮಾಡಿತು, ಹುಬ್ಬಳ್ಳಿಯ ರಾಜನಗರ ಮೈದಾನಕ್ಕೆ ಪಂದ್ಯಗಳನ್ನ ತಂದಿತು. ಹುಬ್ಬಳ್ಳಿ ಟೈಗರ್ಸ್ ಆಟವನ್ನ ಹುಬ್ಬಳ್ಳಿಯಲ್ಲೇ ನೋಡೋ ಭಾಗ್ಯ ಅಲ್ಲಿನ ಜನಕ್ಕೆ ಸಿಕ್ಕಿತು. ಆಮೇಲೆ 2019ರ ಫಿಕ್ಸಿಂಗ್ ಹಗರಣ. ನೆನಪಿರಬಹುದು, ನಮ್ಮ ಚಾನೆಲ್‌ಗಳಲ್ಲೆಲ್ಲ ವಾರಗಟ್ಟಲೆ ಅದೇ ಸುದ್ದಿ. ಸಿಸಿಬಿ ಪೊಲೀಸರು ಆಟಗಾರರನ್ನ ಬಂಧಿಸಿದರು, ತಂಡವೊಂದರ ಮಾಲೀಕರನ್ನೂ ಬಂಧಿಸಿದರು. ಲೀಗ್ ಮುಚ್ಚಿತು. 2022ರ ಜನವರಿಯಲ್ಲಿ ಹೈಕೋರ್ಟ್ ಮ್ಯಾಚ್ ಫಿಕ್ಸಿಂಗ್ ಅನ್ನೋದು ಐಪಿಸಿ 420ರ ವಂಚನೆ ಕಲಂ ಅಡಿ ಬರಲ್ಲ ಅಂತ ಹೇಳಿ ಪ್ರಕರಣ ರದ್ದು ಮಾಡಿತು. ಆಟಕ್ಕೆ ದ್ರೋಹ ಆಗಿರಬಹುದು, ಅದನ್ನ ಕ್ರಿಕೆಟ್ ಮಂಡಳಿ ನೋಡಿಕೊಳ್ಳಲಿ ಅನ್ನೋ ಅರ್ಥದ ತೀರ್ಪು. ಅದೇ ವರ್ಷದ ಆಗಸ್ಟ್‌ನಲ್ಲಿ ಹೊಸ ಹೆಸರಲ್ಲಿ ಟೂರ್ನಿ ಬಂತು. 2013ರಲ್ಲಿ ತೀರಿಕೊಂಡ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದವರು. ಅವರ ನೆನಪಿಗೆ ಮಹಾರಾಜ ಟ್ರೋಫಿ. ಆರು ತಂಡ. ಈ ಸಲ ಕಲಬುರಗಿಗೆ ಜಾಗ ಸಿಕ್ಕಿತು.

ಸಿಕ್ಕ ಮೊದಲ ವರ್ಷವೇ ಗೆದ್ದಿತು. ಆಮೇಲೆ? ಕಪ್ಪು ಎತ್ತಿದ ನಾಯಕ ಮನೀಶ್ ಪಾಂಡೆ ಮಾರನೇ ವರ್ಷ ಹುಬ್ಬಳ್ಳಿ ಟೈಗರ್ಸ್‌ಗೆ ಹೋದರು, ಅಲ್ಲೂ ನಾಯಕರಾದರು, 2023ರ ಕಪ್ಪು ಹುಬ್ಬಳ್ಳಿಗೆ ಗೆದ್ದುಕೊಟ್ಟರು. ಮಿಸ್ಟಿಕ್ಸ್‌ಗೆ ಆ ವರ್ಷ ವೈಶಾಖ್ ವಿಜಯಕುಮಾರ್ ನಾಯಕ, 2024ರಲ್ಲಿ ದೇವದತ್ತ ಪಡಿಕ್ಕಲ್. 2025ರ ಹರಾಜಿನಲ್ಲಿ ಪಡಿಕ್ಕಲ್ ಅತಿ ದುಬಾರಿ ಆಟಗಾರ, 13 ಲಕ್ಷ 20 ಸಾವಿರ ರೂಪಾಯಿ. ಕೊಂಡವರು ಯಾರು? ಮತ್ತೆ ಹುಬ್ಬಳ್ಳಿ ಟೈಗರ್ಸ್. ಕಲಬುರಗಿಯಿಂದ ಹುಬ್ಬಳ್ಳಿಗೆ ಇಷ್ಟು ಸಲೀಸಾದ ದಾರಿ ಇದೆ ಅಂತ ಬಸ್ಸಿನಲ್ಲಿ ಹೋಗೋರಿಗೆ ಗೊತ್ತಿರಲಿಲ್ಲ!

ಆಟಗಾರರನ್ನ ದೂರಬೇಡಿ. ಹರಾಜು ಅಂದ್ರೆ ಹಾಗೇ. ಎಪಿಎಂಸಿಗೆ ತೊಗರಿ ತಂದ ರೈತನಿಗೆ ಗೊತ್ತು, ಹೆಚ್ಚು ಬೆಲೆ ಕೂಗಿದವನ ಅಂಗಡಿಗೆ ಮಾಲು ಹೋಗುತ್ತೆ. ನನ್ನ ಮಾತು ಬೇರೆ. ಆಟಗಾರ ಪ್ರತಿ ವರ್ಷ ಬದಲಾಗ್ತಾನೆ. ಪ್ರಾಯೋಜಕ ಬದಲಾಗ್ತಾನೆ, ಅಂಗಿಯ ಬಣ್ಣ, ಕೋಚ್ ಎಲ್ಲ ಬದಲಾಗುತ್ತೆ. ಹಾಗಾದ್ರೆ ಒಂದು ತಂಡದಲ್ಲಿ ಬದಲಾಗದೆ ಉಳಿಯೋದು ಏನು? ಊರಿನ ಹೆಸರು, ಊರಿನ ಅಂಗಳ, ಅಲ್ಲಿ ಕೂತು ನೋಡೋ ಜನ. ಮಿಸ್ಟಿಕ್ಸ್‌ನಿಂದ ಅಂಗಳ ತೆಗೆದುಬಿಟ್ಟರೆ ಜನ ತಾವಾಗೇ ಹೋದರು. ಹೆಸರು ಒಂಟಿಯಾಗಿ ನಿಂತಿದೆ.

ಇದು ಕಲಬುರಗಿಗೆ ಮಾತ್ರ ಆದ ಅನ್ಯಾಯ ಅಂತ ಹೇಳೋಕೂ ಆಗಲ್ಲ. ರಾಜಧಾನಿಗೂ ಇದೇ ಪಾಡು ಬಂದಿದೆ. ಬೆಂಗಳೂರು ಬುಲ್ಸ್ ಕಬಡ್ಡಿ ತಂಡದ ಮನೆ ಕಂಠೀರವ ಒಳಾಂಗಣ. ಶುರುವಿನ ವರ್ಷಗಳಲ್ಲಿ ಅಲ್ಲಿ ಎಂಥಾ ಗದ್ದಲ ಇರುತ್ತಿತ್ತು! 2017ರಲ್ಲಿ ಆ ಅಂಗಳ ಸಿಗದೆ ಬುಲ್ಸ್ ತವರಿನ ಪಂದ್ಯಗಳನ್ನ ನಾಗಪುರದಲ್ಲಿ ಆಡಿತು. ಮರುವರ್ಷ ಪುಣೆಯಲ್ಲಿ. ಅದೇ ಆವೃತ್ತಿಯಲ್ಲಿ ಅವರು ಚಾಂಪಿಯನ್ ಆದರು, 2019ರ ಜನವರಿ 5ರಂದು ಮುಂಬೈಯಲ್ಲಿ, ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದ ಫೈನಲ್. ಬೆಂಗಳೂರಿನ ಕಬಡ್ಡಿ ಕಪ್ಪಿನ ಕಥೆಯಲ್ಲಿ ಬೆಂಗಳೂರೇ ಇಲ್ಲ. ಬ್ಯಾಸ್ಕೆಟ್‌ಬಾಲ್ ಕಥೆ ಇನ್ನೂ ಚಿಕ್ಕದು. ಯುಬಿಎ ಅಂತ ಒಂದು ವೃತ್ತಿಪರ ಲೀಗ್ 2015ರಲ್ಲಿ ಬಂತು, ಅದರಲ್ಲಿ ಬೆಂಗಳೂರು ಬೀಸ್ಟ್ ಅಂತ ತಂಡ ಇತ್ತು, 2017ರ ನಂತರ ಲೀಗೇ ಇಲ್ಲ. ಅದೇ 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಏಷ್ಯಾ ಕಪ್ 'ಬಿ' ವಿಭಾಗದ ಫೈನಲ್‌ನಲ್ಲಿ ನಮ್ಮ ಮಹಿಳೆಯರು ಕಜಕಸ್ತಾನವನ್ನ 75-73ರಿಂದ ಸೋಲಿಸಿದ್ದು ಎಷ್ಟು ಜನಕ್ಕೆ ನೆನಪಿದೆ? ಎರಡೇ ಅಂಕ! ಆ ಸುದ್ದಿಯನ್ನ ನಾವೇ ಸರಿಯಾಗಿ ತೋರಿಸಲಿಲ್ಲ ಅಂತ ಕಾಣುತ್ತೆ.

ಬೆಂಗಳೂರಿನವನು ಬೇಜಾರಾದ್ರೆ ಇನ್ನೊಂದು ಅಂಗಳ ಹುಡುಕ್ತಾನೆ. ಅವನಿಗೆ ಐಪಿಎಲ್ ಇದೆ, ಫುಟ್‌ಬಾಲ್ ಇದೆ. ಅಫಜಲಪುರದ ಹುಡುಗನಿಗೆ? ಬೆಂಗಳೂರಿಗೆ ಸುಮಾರು 600 ಕಿಲೋಮೀಟರ್. ಮೊದಲು ಬಸ್ಸಲ್ಲಿ ಕಲಬುರಗಿ, ಅಲ್ಲಿಂದ ರಾತ್ರಿ ರೈಲು. 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಬಂತು, 2024ರ ಮಾರ್ಚ್‌ನಲ್ಲಿ ವಂದೇ ಭಾರತ್ ಬಂತು. ಆ ಟಿಕೆಟ್ ದರದಲ್ಲಿ ಟಿ20 ಪಂದ್ಯ ನೋಡಿ ಬರೋ ಹುಡುಗರು ಭೀಮಾ ತೀರದಲ್ಲಿ ಎಷ್ಟು ಮಂದಿ ಸಿಗ್ತಾರೆ?

ಈ ಭಾಗಕ್ಕೆ ಅಂಗಳದ ಬೆಲೆ ಗೊತ್ತಿಲ್ಲ ಅಂತಲೂ ಅಲ್ಲ. ಜಾತ್ರೆ ಬಂತು ಅಂದ್ರೆ ಕುಸ್ತಿ ಕಣ ಸಿದ್ಧ. ಸಣ್ಣ ಹುಡುಗರಿಗೆ ತೆಂಗಿನಕಾಯಿ ಕುಸ್ತಿ, ಕೊನೇ ಜೋಡಿಗೆ ಬೆಳ್ಳಿ ಕಡಗ. ಹಲಗಿ ಸದ್ದು, ಸುತ್ತ ಮರ, ಮಾಳಿಗೆ ಎಲ್ಲ ಕಡೆ ಜನ. ಗಡಿ ಆಚೆ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ ಇದೆ. ಶುರುವಾದದ್ದು 1912ರಲ್ಲಿ, ಇವತ್ತಿಗೂ ಕುಸ್ತಿ ನಡೆಯುತ್ತೆ. ತಗ್ಗಿನಲ್ಲಿ ಕಣ, ಸುತ್ತ ಏರಿ ಹೋಗೋ ಹಾಗೆ ಜನ ಕೂರುವ ಜಾಗ, ಎಲ್ಲಿ ಕೂತರೂ ಪೈಲ್ವಾನ ಕಾಣಬೇಕು ಅನ್ನೋದು ಲೆಕ್ಕ. ರಾಜನಿಗೆ ಅಂಗಳ ಕಟ್ಟಿಸಬೇಕು ಅಂತ ಹೊಳೆದದ್ದಕ್ಕೆ ಒಂದು ಊರು ನೂರು ವರ್ಷ ಕುಸ್ತಿ ಊರಾಗಿ ಉಳಿಯಿತು. ಇನ್ನು ತೊಗರಿ ರಾಶಿ ಆದಮೇಲೆ ಆಳಂದದ ಎರೆ ಹೊಲಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್, ಶಾಲೆ ಮೈದಾನಗಳಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್. ಆಡೋರಿಗೂ ಬರ ಇಲ್ಲ, ನೋಡೋರಿಗೂ ಬರ ಇಲ್ಲ.

ಹಾಗೆ ನೋಡಿದ್ರೆ ಈ ಊರಿಗೆ ಮನೆ ಬದಲಾಯಿಸುವವರ ಅನುಭವವೂ ಹಳೇದು. ಬಹಮನಿ ಸುಲ್ತಾನರು 1347ರಲ್ಲಿ ಇಲ್ಲಿ ರಾಜಧಾನಿ ಮಾಡಿದರು, ಮುಂದಿನ ಶತಮಾನದಲ್ಲಿ ಅಹಮದ್ ಶಾಹ ಗಂಟುಮೂಟೆ ಕಟ್ಟಿ ಬೀದರಿಗೆ ಹೋದ. ಆದರೆ ಅವರು ಮುಕ್ಕಾಲು ಶತಮಾನ ಇಲ್ಲಿ ಇದ್ದು ಹೋದರು. ಕೋಟೆ ಬಿಟ್ಟು ಹೋದರು, ಮಸೀದಿ ಬಿಟ್ಟು ಹೋದರು.

ಈಗ ನಿಯಮದ ಮಾತು. ಮಹಾರಾಜ ಟ್ರೋಫಿಯಲ್ಲಿ ಪ್ರತಿ ತಂಡವೂ ತನ್ನ ಕ್ಯಾಚ್‌ಮೆಂಟ್ ಪ್ರದೇಶದ ಇಬ್ಬರು ಆಟಗಾರರನ್ನ ತಗೊಳ್ಳಬೇಕು ಅಂತ ಇದೆ. ಕ್ಯಾಚ್‌ಮೆಂಟ್ ಅಂದ್ರೆ ಆಳಂದದ ಜನಕ್ಕೆ ಅಮರ್ಜಾ ಡ್ಯಾಮಿಗೆ ನೀರು ಹರಿದು ಬರೋ ಜಾಗ. ಆಟದಲ್ಲೂ ಅರ್ಥ ಅದೇ, ಹೊಳೆ ಹಳ್ಳಗಳಿಂದ ಪ್ರತಿಭೆ ಹರಿದು ಬರಬೇಕು. ಒಳ್ಳೇ ನಿಯಮ. ಆದರೆ ಹದಿನೆಂಟು ಜನರ ತಂಡದಲ್ಲಿ ಇಬ್ಬರು. ಅದೂ ಅಲ್ಲದೆ ರಾಜ್ಯ ಸಂಸ್ಥೆಯ ಲೆಕ್ಕದಲ್ಲಿ ಕಲಬುರಗಿ ಬರೋದು ರಾಯಚೂರು ವಲಯಕ್ಕೆ. ಅಷ್ಟು ದೊಡ್ಡ ವಲಯದ ಹುಡುಗರೆಲ್ಲ ಪೈಪೋಟಿ ಮಾಡಬೇಕಾದದ್ದು ಎರಡು ಕುರ್ಚಿಗೆ. ಜೇವರ್ಗಿಯ ಹುಡುಗನ ಪಾಳಿ ಯಾವಾಗ ಬರುತ್ತೆ ನೀವೇ ಅಂದಾಜು ಮಾಡಿ.

ಕೆಲವರು ಹೇಳ್ತಾರೆ, ಆಗಸ್ಟ್ ಮಳೆಗಾಲ, ಕಲಬುರಗಿಯಲ್ಲಿ ಹೇಗೆ ಆಡಿಸೋದು ಅಂತ. 2025ರ ಫೈನಲ್ ಮೈಸೂರಿನಲ್ಲೇ ತಾನೇ ಆಗಿದ್ದು? ಅಲ್ಲೂ ಮಳೆ ಬಂತು, ವಿಜೆಡಿ ಲೆಕ್ಕದಲ್ಲಿ ಮಂಗಳೂರು ಡ್ರಾಗನ್ಸ್ ಗೆದ್ದಿತು. ಆಗಸ್ಟ್‌ನಲ್ಲಿ ಬೆಂಗಳೂರು, ಮೈಸೂರಿಗೆ ಕೊಡೆ ಹಿಡಿದವರು ಯಾರೂ ಇಲ್ಲ. ಇನ್ನು ಕೆಲವರು ಹೇಳೋದು, ಅಂಥ ಮೈದಾನ ಇಲ್ಲ ಅಂತ. ಕಲಬುರಗಿಯಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣ ಇದೆ, ಅದು ಜಿಲ್ಲೆಯ ಎಲ್ಲ ಆಟಕ್ಕೂ ಒಂದೇ ಆಸರೆ. ಅದನ್ನ ಕ್ರಿಕೆಟ್ಟಿಗೆ ಕಿತ್ತುಕೊಡಿ ಅಂತ ನಾನು ಖಂಡಿತ ಕೇಳಲ್ಲ. ಓಟದ ಹುಡುಗಿಯರು ಎಲ್ಲಿಗೆ ಹೋಗಬೇಕು?

ನೂರಾರು ಕೋಟಿಯ ಕ್ರೀಡಾಂಗಣ ಕಟ್ಟಿ ಅಂತಲೂ ಕೇಳ್ತಾ ಇಲ್ಲ. ಅಮೆರಿಕದ ಲೆಕ್ಕ ಆಗಲೇ ಹೇಳಿದೆ. ಅಡಿಗಲ್ಲು ಇಟ್ಟು ಫೋಟೊ ತೆಗೆಸಿಕೊಂಡು ಮರೆತುಹೋದ ಕಲ್ಲುಗಳು ಈ ಭಾಗದಲ್ಲಿ ಈಗಾಗಲೇ ಬೇಕಾದಷ್ಟಿವೆ. ನನ್ನ ಕೇಳಿಕೆ ಸಣ್ಣದು. ವಾಷಿಂಗ್ಟನ್ ಮಿಸ್ಟಿಕ್ಸ್‌ನ ಹಾಗೆ ನಾಲ್ಕು ಸಾವಿರ ಜನ ಕೂರುವ ಜಾಗ, ಒಂದು ಒಳ್ಳೇ ಟರ್ಫ್ ಪಿಚ್, ವರ್ಷಕ್ಕೆ ಎರಡು ಪಂದ್ಯ. ಫ್ಲಡ್‌ಲೈಟ್ ಇಲ್ಲದಿದ್ದರೆ ಹಗಲು ಪಂದ್ಯ ಆಡಿಸಿ. ಉಳಿದ ಮುನ್ನೂರ ಚಿಲ್ಲರೆ ದಿನ ಅದೇ ಪಿಚ್ ಮೇಲೆ ಮೂರೂ ತಾಲ್ಲೂಕಿನ ಹುಡುಗರು, ಹುಡುಗಿಯರು ಆಡಲಿ. ಮ್ಯಾಟ್ ಮೇಲೆ ಆಡಿ ಬೆಳೆದವನಿಗೂ ಟರ್ಫ್ ಮೇಲೆ ಬೆಳೆದವನಿಗೂ ಎಷ್ಟು ವ್ಯತ್ಯಾಸ ಅಂತ ಆಯ್ಕೆ ಟ್ರಯಲ್ಸ್‌ಗೆ ಹೋಗಿ ಬಂದ ಯಾವ ಹುಡುಗನನ್ನ ಕೇಳಿದರೂ ಹೇಳ್ತಾನೆ.

ಜಾಗ ಎಲ್ಲಿ ಅಂತ ಕೇಳಿದರೆ, ಉತ್ತರ ಮೈಸೂರಿನಲ್ಲೇ ಇದೆ. 2025ರಲ್ಲಿ ಇಡೀ ಟೂರ್ನಿ ನಡೆಯಿತಲ್ಲ, ಚಿನ್ನಸ್ವಾಮಿ ಕಾಲ್ತುಳಿತದಲ್ಲಿ ಹನ್ನೊಂದು ಜೀವ ಹೋದಮೇಲೆ ಬೆಂಗಳೂರಿನಲ್ಲಿ ಅನುಮತಿ ಸಿಗದೆ ಅಲ್ಲಿಗೆ ಹೋಯಿತಲ್ಲ, ಆ ಒಡೆಯರ್ ಮೈದಾನ ಯಾರ ಜಾಗ? ಗಂಗೋತ್ರಿ ಗ್ಲೇಡ್ಸ್ ಅಂತ ಮೊದಲ ಹೆಸರು. ಮೈಸೂರು ವಿಶ್ವವಿದ್ಯಾಲಯದ್ದು. ರಾಜ್ಯ ಕ್ರಿಕೆಟ್ ಸಂಸ್ಥೆ ಅದನ್ನ ಗುತ್ತಿಗೆಗೆ ಪಡೆದು ಬೆಳೆಸಿತು. ಕಲಬುರಗಿಯಲ್ಲೂ 1980ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ಇದೆ. ಊರಿನಿಂದ ಹತ್ತು ಕಿಲೋಮೀಟರ್. ಆವರಣದ ಹೆಸರು ಜ್ಞಾನಗಂಗಾ, ವಿಸ್ತೀರ್ಣ 860 ಎಕರೆ. ಒಂದು ಕ್ರಿಕೆಟ್ ಮೈದಾನಕ್ಕೆ ಎಂಟು ಹತ್ತು ಎಕರೆ ಸಾಕು.

ಕುಲಪತಿಗಳಿಗೆ, ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಿಗೆ, ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಗೆ ಮೂರು ಪತ್ರ ಹೋದರೆ ಮಾತುಕತೆ ಶುರುವಾಗುತ್ತೆ. ಆಳಂದ, ಅಫಜಲಪುರ, ಜೇವರ್ಗಿಯ ಮೂವರು ಶಾಸಕರು ಬೇರೆ ಬೇರೆ ವಿಷಯಕ್ಕೆ ನಮ್ಮ ಸ್ಟುಡಿಯೋಗೆ ಬರ್ತಾ ಇರ್ತಾರೆ. ಮುಂದಿನ ಸಲ ಯಾರು ಬಂದರೂ ನನ್ನ ಮೊದಲ ಪ್ರಶ್ನೆ ಬಸ್ ಸ್ಟ್ಯಾಂಡಿನ ಆ ಹುಡುಗನದ್ದೇ.